ಅಳಿಯಂದಿರ ಪವರ್ ಸಪ್ಲೈ

ಈ ಭೂಮಿಯ ಮೇಲೆ ಅಳಿಯನಿಗೆ ಗೊತ್ತಿಲ್ಲದ ಸಂಗತಿ ಒಂದೇ ಒಂದಿತ್ತು. ತನಗೆ ಗೊತ್ತಿಲ್ಲದ ಸಂಗತಿಗಳೂ ಇರಬಹುದು ಎಂಬುದೇ ಅದು. ಹೊಟ್ಟೆಪಾಡಿಗೆ ಅವನದು ಕನ್ನಡಕದ ಅಂಗಡಿ. ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸುವಷ್ಟರಲ್ಲಿ ಅವರ ಫೋನು, ಫ್ರಿಜ್ಜು, ಮಂಡಿನೋವು, ಮಗಳ ಓದು, ಮನೆ ಮಾಳಿಗೆ ಸೋರುವುದು, ಎಲ್ಲಕ್ಕೂ ಪರಿಹಾರ ಹೇಳಿ ಮುಗಿಸಿರುತ್ತಿದ್ದ. ಹತ್ತಿರದ ಅಕ್ಷರ ಕಾಣುತ್ತಿಲ್ಲವೆಂದು ಬಂದ ಗಿರಾಕಿಗಳು ಹೊರಗೆ ಹೋಗುವಾಗ ಮುಂದಿನ ಜನ್ಮದವರೆಗೂ ಕಾಣಿಸುವಷ್ಟು ಸಲಹೆ ಹೊತ್ತುಕೊಂಡು ಹೋಗುತ್ತಿದ್ದರು.

ಹೆಂಡತಿಯ ತವರಿನಲ್ಲಂತೂ ಕೇಳುವುದೇ ಬೇಡ. ಅಲ್ಲಿ ಸೂರ್ಯ ಹುಟ್ಟಬೇಕಾದರೂ ‘ಅಳಿಯಂದ್ರನ್ನ ಒಂದು ಮಾತು ಕೇಳಿದ್ದೀರಾ?’ ಎನ್ನುತ್ತಿದ್ದರು. ಹಾಗಿರುವಾಗ ನಾದಿನಿಗೆ ಹೊಸ ಕಂಪ್ಯೂಟರ್ ಬೇಕೆಂದರೆ ಆರಿಸುವವರು ಇನ್ಯಾರು?

ನಾದಿನಿಯ ಕೆಲಸ ವಿಚಿತ್ರವಾದದ್ದು. ಇನ್ನೂ ಪಾಯವನ್ನೇ ತೋಡದ ಕಟ್ಟಡಗಳನ್ನು ಅವಳು ಕಂಪ್ಯೂಟರಿನಲ್ಲಿ ಕಟ್ಟುತ್ತಾಳೆ. ಬಾಗಿಲು ತೆರೆದು ಒಳಗೆ ಹೋಗಿ ಮೆಟ್ಟಿಲು ಹತ್ತಿ ಕಿಟಕಿಯಿಂದ ಹೊರಗೆ ನೋಡಿದಂತೆ ಸಿನಿಮಾ ಮಾಡಿಕೊಡುತ್ತಾಳೆ. ಹತ್ತು ಜನರ ಹೆಸರಿನಲ್ಲಿ ಒಬ್ಬಳೇ ದುಡಿಯಬೇಕಿದ್ದ ಒಂದು ಆಫೀಸನ್ನು ಬಿಟ್ಟು, ಮನೆಯಲ್ಲೇ ಸ್ವಂತವಾಗಿ ಶುರು ಮಾಡಿದ್ದಳು. ಮೊದಲ ದೊಡ್ಡ ಕೆಲಸ ಸಿಕ್ಕಿತ್ತು, ಒಂದು ಆಸ್ಪತ್ರೆಯ ಕಟ್ಟಡ. ಅದನ್ನು ಹೇಳಿದ ದಿನಕ್ಕೆ ಒಪ್ಪಿಸಿದರೆ ಅವಳ ಕಾಲ ಮೇಲೆ ಅವಳು. ಇಲ್ಲವಾದರೆ ಹಳೇ ಆಫೀಸಿನ ಮ್ಯಾನೇಜರು, ‘ನಿನ್ನ ಕುರ್ಚಿ ಖಾಲಿಯೇ ಇದೆಯಮ್ಮ’ ಎಂದು ಹಲ್ಲು ಕಿರಿಯುತ್ತ ಕಾದು ಕೂತಿದ್ದ.

ಕಂಪ್ಯೂಟರ್ ಅಂಗಡಿಯವನೇನು ಸಾಧು ಪ್ರಾಣಿಯಲ್ಲ. ಅವನ ಗಂಟಲು ಮೂರು ಬೀದಿ ದಾಟಿ ಕೇಳಿಸುತ್ತಿತ್ತು.

“ಸಾರ್, ಚಿತ್ರ ಮೂಡಿಸೋ ಈ ಗ್ರಾಫಿಕ್ಸ್ ಕಾರ್ಡ್ ಹಾಕಿಸ್ತಾ ಇದ್ದೀರ. ಒಳಗೆಲ್ಲ ಕರೆಂಟು ಹಂಚೋ ಪವರ್ ಸಪ್ಲೈ ಏಳುನೂರೈವತ್ತು ವಾಟಿನದು ತಗೊಳ್ಳಿ. ಕಡಿಮೆಯದು ಸಾಲಲ್ಲ.”

“ಕೂಡೋ ಲೆಕ್ಕ ನನಗೂ ಬರುತ್ತೆ ಕಣ್ರೀ,” ಅಂದ ಅಳಿಯ. “ಕಾರ್ಡಿಗೆ ಇನ್ನೂರೈವತ್ತು, ಪ್ರೊಸೆಸರ್‌ಗೆ ನೂರಿಪ್ಪತ್ತೈದು, ಮಿಕ್ಕ ಚಿಲ್ಲರೆಗೆ ಒಂದು ನಲವತ್ತು. ನಾನೂರೈವತ್ತರದು ಹಾಕಿದ್ರೆ ಇನ್ನೂ ಮಿಗುತ್ತೆ.”

“ಕಾರ್ಡು ಒಂದೇ ಸಮ ಎಳೆಯೋ ಸಾಮಾನಲ್ಲ ಸಾರ್. ಕೆಲಸ ಜೋರಾದಾಗ ಕಣ್ಣು ಮಿಟುಕಿಸೋಷ್ಟರಲ್ಲಿ ಎರಡರಷ್ಟು ಎಳೆದುಬಿಡುತ್ತೆ. ಸಪ್ಲೈ ತಡ್ಕೊಳ್ಳದೆ ಟಪ್ ಅಂತ ಆಫ್ ಆಗುತ್ತೆ.”

“ದೊಡ್ಡದು ಖರ್ಚಾಗದೆ ಕೂತಿದೆ ಅಂತ ಬಾಯ್ಬಿಟ್ಟು ಹೇಳಿ ಮತ್ತೆ. ನನಗೇ ಟೋಪಿ ಹಾಕ್ತೀರಲ್ಲ!”

ನಾದಿನಿ ಮೆಲ್ಲಗೆ ಅಂದಳು, “ಭಾವ, ಅವರು ಹೇಳೋದನ್ನೂ ಒಂದ್ಸಲ…”

“ನಾನಿಲ್ವೇನಮ್ಮ?” ಅಂದ. ಅಲ್ಲಿಗೆ ಆ ಮಾತು ಸತ್ತುಹೋಯಿತು.

ಒಳಗಿನ ಗುಟ್ಟು ಬೇರೆಯೇ ಇತ್ತು. ಪವರ್ ಸಪ್ಲೈ ಎಂಬುದು ಪೆಟ್ಟಿಗೆಯ ತಳದಲ್ಲಿ ತಗಡಿನ ಮುಚ್ಚಳದ ಕೆಳಗೆ ಕೂರುತ್ತದೆ. ಬಂದ ನೆಂಟರಿಗೆ ಕಾಣುವುದಿಲ್ಲ. ಕಾಣದ್ದಕ್ಕೆ ಯಾಕೆ ಸುರಿಯಬೇಕು? ಅಲ್ಲಿ ಉಳಿಸಿದ್ದನ್ನು ಅವನು ಗಾಜಿನ ಬದಿಯ ಪೆಟ್ಟಿಗೆಗೂ ಬಣ್ಣ ಬದಲಿಸುವ ದೀಪದ ಫ್ಯಾನುಗಳಿಗೂ ಹಾಕಿಸಿದ. ಮಾವನ ಮನೆಗೆ ತಂದು ಸ್ವಿಚ್ಚು ಒತ್ತಿದಾಗ ಕೋಣೆಯಲ್ಲಿ ಏಳು ಕಾಮನಬಿಲ್ಲು ಒಟ್ಟಿಗೆ ಹುಟ್ಟಿದಂತಾಯಿತು. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದರು. ಮಾವ ಅಳಿಯನ ಬೆನ್ನು ತಟ್ಟಿದರು.

ಎರಡು ದಿನ ಸುಖವಾಗಿತ್ತು. ಮೂರನೆಯ ದಿನ ನಾದಿನಿ ಆಸ್ಪತ್ರೆಯ ಸಿನಿಮಾ ತಯಾರಿಸಲು ಕೊಟ್ಟಳು. ಅದು ಕಂಪ್ಯೂಟರಿಗೆ ಬೆವರಿಳಿಸುವ ಕೆಲಸ. ಅದೇ ಹೊತ್ತಿಗೆ ಅತ್ತೆ ಹಿತ್ತಲಿನಲ್ಲಿ ನೀರಿನ ಮೋಟಾರು ಹಾಕಿದರು. ದೀಪ ಒಮ್ಮೆ ಮಿಣುಕಿತು, ಕಂಪ್ಯೂಟರ್ ಟಪ್ಪೆಂದು ಸತ್ತಿತು. ಅಂದು ಅಲ್ಲೇ ಊಟಕ್ಕೆ ಕೂತಿದ್ದ ಅಳಿಯ, ಬಾಯಿಯ ತುತ್ತನ್ನು ನುಂಗುವ ವ್ಯವಧಾನವೂ ಇಲ್ಲದೆ ತೀರ್ಪು ಕೊಟ್ಟುಬಿಟ್ಟ.

“ಕಂಪ್ಯೂಟರ್ ಏನೂ ಆಗಿಲ್ಲ. ಈ ಮನೆ ವೈರಿಂಗೇ ಸರಿಯಿಲ್ಲ.”

ಮಾವ ಬಾಯಿಗೆತ್ತಿದ್ದ ತುತ್ತು ತಟ್ಟೆಗೇ ವಾಪಸಾಯಿತು. ಯಾಕೆಂದರೆ ಆ ಮನೆಯ ವೈರಿಂಗ್ ಮಾಡಿದವರು ಮಾವನೇ. ಅವರು ಜೀವಮಾನವೆಲ್ಲ ವೈರಿಂಗ್ ಮಾಡಿಯೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವರು. ಸಂಜೆ ವಾಕಿಂಗ್ ಹೊರಟರೆ ಮನೆ ಮನೆಯ ದೀಪವನ್ನೂ ಮೊಮ್ಮಕ್ಕಳನ್ನು ತೋರಿಸುವಂತೆ ತೋರಿಸುವರು: ‘ಅದು ನಂದು, ಆ ಮೂಲೇದು ನಂದು, ಆ ಮಹಡಿ ಪೂರ್ತಿ ನಂದು.’ ತಾವು ಬಿಗಿದ ವೈರಿನಲ್ಲಿ ಆನೆ ಕಟ್ಟಿ ಎಳೆಸಿದರೆ ಆನೆ ಸುಸ್ತಾಗುತ್ತದೆಯೇ ಹೊರತು ವೈರು ಜಗ್ಗುವುದಿಲ್ಲ ಎನ್ನುತ್ತಿದ್ದರು. ಅವರು ಆ ದಿನ ಅರ್ಧ ಊಟಕ್ಕೇ ಎದ್ದರು. ಕೈ ತೊಳೆದು ಬಂದು ಸ್ವಿಚ್ ಬೋರ್ಡಿನ ಮುಂದೆ ಸುಮ್ಮನೆ ನಿಂತುಕೊಂಡರು.

ಮನೆಗೆ ಮರಳಿದ ಅಳಿಯ ಫೋನಿನಲ್ಲಿ ಹುಡುಕಿ ನೋಡಿದ. ಅದೇ ಕಾರ್ಡು, ಅಷ್ಟೇ ವಾಟಿನ ಸಪ್ಲೈ, ಅದೇ ಟಪ್ಪು. ಪ್ರಪಂಚದ ಮೂಲೆಮೂಲೆಯ ಜನ ಒಂದೇ ಗೋಳನ್ನು ಬರೆದುಕೊಂಡಿದ್ದರು, ಎಲ್ಲರಿಗೂ ಬಂದ ಉತ್ತರವೂ ಒಂದೇ: ದೊಡ್ಡ ಸಪ್ಲೈ ಹಾಕಿಸಿ. ಅಂಗಡಿಯವನ ಗಂಟಲು ಕಿವಿಯಲ್ಲಿ ಗುಂಯ್‌ಗುಟ್ಟಿತು. ಅಳಿಯನ ಕಿವಿಯ ತುದಿ ಬೆಂಕಿಕಡ್ಡಿ ಹೊತ್ತಿಸುವಷ್ಟು ಕಾಯಿತು. ನಾಳೆ ಹೇಳಿದರಾಯಿತು ಎಂದುಕೊಂಡು ಮಗ್ಗುಲಾದ.

ಮರುದಿನ ಮಾವನೇ ಫೋನ್ ಮಾಡಿದರು. “ಅಳಿಯಂದ್ರೆ, ಮೀಟರ್ ಹಿಡಿದು ಎಲ್ಲಾ ಪಾಯಿಂಟೂ ನೋಡಿದೆ. ಎಲ್ಲಾ ಸರಿಯಾಗೇ ತೋರಿಸ್ತಿದೆಯಲ್ಲ?”

ನಿಜ ಹೇಳುವುದಕ್ಕೆ ಬಾಗಿಲು ತೆರೆದೇ ಇತ್ತು, ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಆದರೆ ಅವನ ನಾಲಿಗೆ ಅವನ ಮಾತು ಕೇಳಿದ್ದು ಯಾವಾಗ? “ಕಣ್ಣು ಮಿಟುಕಿಸೋಷ್ಟರಲ್ಲಿ ಆಗೋದು ಮೀಟರಿಗೆ ಕಾಣಲ್ಲ ಮಾವ,” ಅಂದುಬಿಟ್ಟ. ಅಂಗಡಿಯವನ ಮಾತನ್ನೇ ಕದ್ದು ಅವನು ಮಾವನ ಮೇಲೆ ಎಸೆದಿದ್ದ.

“ಹೌದಾ,” ಅಂದರು ಮಾವ. “ಇರಬಹುದು. ಹಳೇ ಕೈ ಅಲ್ವಾ.”

ಆ ‘ಹಳೇ ಕೈ’ ಅಳಿಯನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಗಿರಾಕಿಗೆ ಗಾಜು ಹೊಂದಿಸುವಾಗ ಚುಚ್ಚುತ್ತಿತ್ತು, ಸ್ನಾನ ಮಾಡುವಾಗ ಚುಚ್ಚುತ್ತಿತ್ತು. ಗಿರಾಕಿಯೊಬ್ಬರು ತಮ್ಮ ಟೀವಿ ಯಾಕೆ ಮಂಕಾಗಿದೆಯೆಂದು ಕೇಳಿದಾಗ, ಜನ್ಮದಲ್ಲಿ ಮೊದಲ ಸಲ, ‘ಗೊತ್ತಿಲ್ಲ’ ಅಂದ. ಗಿರಾಕಿ ಗಾಬರಿಯಾಗಿ ಅವನಿಗೆ ನೀರು ಕುಡಿಸಿದರು.

ಕೊನೆಗೆ ಭಾನುವಾರ, ಬೇರೊಂದು ಅಂಗಡಿಗೆ ಕಳ್ಳನಂತೆ ಹೋಗಿ ಏಳುನೂರೈವತ್ತರದ್ದನ್ನು ಕೊಂಡು ಚೀಲದ ತಳಕ್ಕೆ ಹಾಕಿ, ಮೇಲೊಂದು ಟವೆಲ್ಲು ಮುಚ್ಚಿದ. ಸದ್ದಿಲ್ಲದೆ ಬದಲಾಯಿಸಿ, ‘ಧೂಳು ಒರೆಸಿದೆ, ಸರಿಹೋಯ್ತು’ ಅನ್ನುವುದು ಅವನ ಉಪಾಯ.

“ಇಟ್ಟಿಗೆ ಹೊತ್ಕೊಂಡು ಹೋಗ್ತಿದ್ದೀರಾ?” ಹೆಂಡತಿ ಚೀಲ ಎತ್ತಿ ನೋಡಿ ಕೇಳಿದಳು.

“ಒಂದು ಪಾರ್ಟು.”

“ಏನಾದ್ರೂ ಮಾಡಿ ಸರಿ ಮಾಡಿ ಬನ್ನಿ. ಅಪ್ಪ ಫೋನಲ್ಲಿ ನಗೋದೇ ಬಿಟ್ಟಿದ್ದಾರೆ.”

ಮಾವನ ಮನೆಯ ಬಾಗಿಲಲ್ಲಿ ಕಾಲಿಟ್ಟವನು ಅಲ್ಲೇ ನಿಂತ. ಭೂಕಂಪವಾಗಿದ್ದರೂ ಮನೆ ಅದಕ್ಕಿಂತ ಅಚ್ಚುಕಟ್ಟಾಗಿರುತ್ತಿತ್ತು. ವೈರಿನ ಪೈಪು ಹೋದ ಕಡೆಯೆಲ್ಲ ಉಳಿ ಹಾಕಿ ಗೋಡೆ ಒಡೆದಿತ್ತು. ಬೋರ್ಡುಗಳು ನಾಲಿಗೆ ಚಾಚಿದಂತೆ ವೈರಿನ ತುದಿಯಲ್ಲಿ ನೇತಾಡುತ್ತಿದ್ದವು. ಫ್ಯಾನು, ಫ್ರಿಜ್ಜು, ಒಂದೂ ಓಡುತ್ತಿರಲಿಲ್ಲ. ಮಾವ ನಡುಮನೆಯಲ್ಲಿ ಏಣಿ ಹತ್ತಿ ಗೋಡೆ ಕೆದಕುತ್ತಿದ್ದರು. ಸೆಕೆಗೆ ಗೋಡೆಯೇ ಬೆವರುತ್ತಿತ್ತು. ಅತ್ತೆ ಕಂಪ್ಯೂಟರ್ ಬಂದಿದ್ದ ರಟ್ಟಿನ ಡಬ್ಬದ ಮುಚ್ಚಳ ಹರಿದು ಗಾಳಿ ಬೀಸಿಕೊಳ್ಳುತ್ತ ಕೂತಿದ್ದರು.

“ಬನ್ನಿ ಅಳಿಯಂದ್ರೆ. ನೀವು ಹೇಳಿದ ಮೇಲೆ ಅವಳು ಕೆಲಸ ಹಚ್ಚಿದಾಗ ನಾವು ಏನೂ ಹಾಕೋಲ್ಲ. ಕರೆಂಟೆಲ್ಲ ಅವಳಿಗೇ ಬಿಟ್ಟಿದ್ದೀವಿ. ಹಾಲು ಒಡೆದು ಹೋಯ್ತು, ಬರೀ ನೀರು ಕೊಡ್ಲಾ?”

ಒಳಗೆ ನಾದಿನಿ ಕೂದಲನ್ನು ಎತ್ತಿ ಪೆನ್ಸಿಲ್ ಚುಚ್ಚಿಕೊಂಡು ಕೂತಿದ್ದಳು. ಕಣ್ಣು ಕೆಂಪು.

“ಭಾವ, ಎಷ್ಟು ಸಲ ಆಫ್ ಆಯ್ತು ಅಂತ ಲೆಕ್ಕ ಇಡೋದೇ ಬಿಟ್ಟೆ. ನಾಳೆ ಒಪ್ಪಿಸ್ಬೇಕು. ಆಗದಿದ್ರೆ ವಾಪಸ್ ಬರ್ತೀನಿ ಅಂತ ಹಳೇ ಆಫೀಸಿನ ಮ್ಯಾನೇಜರಿಗೂ ಫೋನ್ ಮಾಡಿದೆ,” ಅಂದಳು. ಇನ್ನೂ ಸಣ್ಣ ದನಿಯಲ್ಲಿ, “ಅಪ್ಪನಿಗೆ ಏನಾದ್ರೂ ಹೇಳಿ ಭಾವ. ‘ನನ್ನಿಂದ ನಿನ್ನ ಕೆಲಸ ಹಾಳಾಯ್ತು’ ಅಂತ ಊಟ ಬಿಟ್ಟಿದ್ದಾರೆ,” ಅಂದಳು.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ನೆಲವೋ, ಅವನು ಕಾಲಿಟ್ಟದ್ದಕ್ಕೇ ನಾಚಿಕೊಂಡಂತೆ ತೆಪ್ಪಗಿತ್ತು.

“ಸ್ವಲ್ಪ ಹೊರಗಿರಮ್ಮ, ಧೂಳು ಒರೆಸ್ತೀನಿ,” ಅಂದ. ಬಾಗಿಲು ಮುಂದೆ ಮಾಡಿಕೊಂಡ. ತಿರುಪು ಬಿಚ್ಚಿ ತಳದ ತಗಡು ಸರಿಸಿದ. ಚಿಕ್ಕದನ್ನು ತೆಗೆದು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ತುರುಕಿ, ದೊಡ್ಡದನ್ನು ಕೂರಿಸಿ, ಹೊಸದರ ಜೊತೆ ಬಂದಿದ್ದ ಕೇಬಲ್ಲುಗಳನ್ನೇ ಒಂದೊಂದಾಗಿ ಚುಚ್ಚಿ ಮುಚ್ಚಳ ಹಾಕಿದ. ನಾದಿನಿಯನ್ನು ಕರೆದು ಸಿನಿಮಾ ಹಚ್ಚಲು ಹೇಳಿದ.

ಹಚ್ಚಿದಳು. ಆಸ್ಪತ್ರೆಯ ಬಾಗಿಲು ತೆರೆಯಿತು, ಮೆಟ್ಟಿಲು ಬಂತು, ಪ್ರತಿಸಲ ಕಂಪ್ಯೂಟರ್ ಸಾಯುತ್ತಿದ್ದ ಜಾಗವೂ ಬಂತು. ಸಾಯಲಿಲ್ಲ. ಅತ್ತೆ ಮರೆತು ಫ್ಯಾನ್ ಹಾಕಿಬಿಟ್ಟರು, ಎಲ್ಲರೂ ‘ಅಯ್ಯೋ’ ಎಂದರು, ಆಗಲೂ ಸಾಯಲಿಲ್ಲ.

“ಸಿಕ್ತು!” ನಡುಮನೆಯ ಏಣಿಯ ಮೇಲಿಂದ ಮಾವ ಕೂಗಿದರು. ಇಳಿದು ಬಂದರು. ಹುಬ್ಬಿನ ತುಂಬ ಸಿಮೆಂಟಿನ ಪುಡಿ. ಅಂಗೈಯಲ್ಲಿ ಕತ್ತರಿಸಿ ತೆಗೆದ ವೈರಿನ ತುಂಡು, ನಡುವೆ ಹೆಣೆದು ಟೇಪು ಸುತ್ತಿದ ಜಾಯಿಂಟು. “ಬೆಳಿಗ್ಗೆಯಿಂದ ನನಗೆ ಇದರ ಮೇಲೇ ಅನುಮಾನ. ಈಗ್ತಾನೇ ತೆಗೆದು ಹೊಸದು ಹಾಕಿದೆ, ನೋಡಿ, ಆಫ್ ಆಗೋದು ನಿಂತುಹೋಯ್ತು! ತಪ್ಪು ಇಲ್ಲೇ ಇತ್ತು ಅಳಿಯಂದ್ರೆ. ನೀವು ಹೇಳಿದ್ದೇ ಸರಿ.”

ಅಳಿಯನಿಗೆ ಜೀವ ಬಂದಂತಾಯಿತು. ಸುಮ್ಮನಿದ್ದರೆ ಸಾಕು, ಎಲ್ಲ ತಾನಾಗಿ ಮುಚ್ಚಿಹೋಗುತ್ತದೆ. ಮಾವನ ಮುಖದಲ್ಲೂ ನಗು ಬರಬಹುದು ಎಂದು ಕಾದ. ಬರಲಿಲ್ಲ. ಆ ತುಂಡನ್ನು ಅವರು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

“ಇಂಥದ್ದೇ ಜಾಯಿಂಟು ನಾನು ಊರೆಲ್ಲಾ ಹಾಕಿದ್ದೀನಿ,” ಅಂದರು. “ಮಕ್ಕಳುಮರಿ ಇರೋ ಮನೆಗಳು. ಏನಾದ್ರೂ ಆದ್ರೆ? ಬೆಳಿಗ್ಗೆನೇ ಒಂದಿಷ್ಟು ಮನೆಯವರಿಗೆ ಫೋನ್ ಮಾಡಿ ಹೇಳಿದೆ, ಬಂದು ಬಿಚ್ಚಿ ನೋಡ್ತೀನಿ, ನನ್ನ ಕೆಲಸದಲ್ಲಿ ದೋಷ ಇದೆ ಅಂತ. ಮಿಕ್ಕವರಿಗೂ ಹೇಳ್ಬೇಕು.”

“ಈ ವಯಸ್ಸಲ್ಲಿ ಏಣಿ ಹೊತ್ಕೊಂಡು ಮನೆ ಮನೆ ಅಲೀತೀರಾ?” ಅತ್ತೆ ಬೀಸುವುದನ್ನು ನಿಲ್ಲಿಸಿದರು.

“ನಾನು ಮಾಡಿದ್ದು, ನಾನೇ ಬಿಚ್ಚಬೇಕು.” ಮಾವ ಆಗಲೇ ಫೋನು ಕಿವಿಗಿಟ್ಟಿದ್ದರು. “ಹಲೋ, ನಮಸ್ಕಾರ. ನಾನು, ನಿಮ್ಮ ಮನೆ ವೈರಿಂಗ್ ಮಾಡಿದವನು. ಒಂದು ತಪ್ಪಾಗಿದೆ, ದಯವಿಟ್ಟು…”

“ಮಾವ, ಫೋನಿಡಿ.”

ಆ ದನಿ ತನ್ನದೇ ಎಂದು ಅಳಿಯನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಚೀಲದಿಂದ ಟವೆಲ್ಲಿನ ಗಂಟು ತೆಗೆದು ಬಿಚ್ಚಿ, ಚಿಕ್ಕ ಪವರ್ ಸಪ್ಲೈಯನ್ನು ಮೇಜಿನ ಮೇಲಿಟ್ಟ.

“ನಿಮ್ಮ ಜಾಯಿಂಟಿಂದಲ್ಲ. ಇದರಿಂದ. ನಾನು ಆರಿಸಿದ್ದು ಸಾಲ್ತಿರಲಿಲ್ಲ. ಈಗ ದೊಡ್ಡದು ಹಾಕಿದೆ, ಅದಕ್ಕೇ ಆಫ್ ಆಗೋದು ನಿಂತಿದೆ. ನಿಮ್ಮ ವೈರಿಂಗಲ್ಲಿ ಏನೂ ಇಲ್ಲ ಮಾವ.”

ಒಳಗೆ ಆಸ್ಪತ್ರೆಯ ಕಾರಿಡಾರು ತನ್ನ ಪಾಡಿಗೆ ಉದ್ದವಾಗುತ್ತಿತ್ತು.

“ಯಾವಾಗಿಂದ ಗೊತ್ತಿತ್ತು ಭಾವ?” ನಾದಿನಿ ಕೇಳಿದಳು.

ಸುಳ್ಳು ಹೇಳಬಹುದಿತ್ತು. ಅವನ ಬಳಿ ಒಂದು ಊರಿಗಾಗುವಷ್ಟು ಸುಳ್ಳಿನ ದಾಸ್ತಾನಿತ್ತು. “ಅದು ಮೊದಲು ಆಫ್ ಆದ ದಿನದಿಂದ,” ಅಂದ.

“ಅಪ್ಪ ಗೋಡೆ ಒಡೆಯೋಕೆ ಮುಂಚೆ?”

“ಹೂಂ.”

ಅತ್ತೆ ಕೈಯಲ್ಲಿದ್ದ ರಟ್ಟನ್ನು ನೋಡಿದರು, ಅವನನ್ನು ನೋಡಿದರು. “ಹಾಗಾದ್ರೆ ನಾವು ಇಷ್ಟು ದಿನ ಬೆಂದಿದ್ದು ಯಾಕೆ?”

ನಾದಿನಿ ಒಳಗೆ ಹೋಗಿ ಸ್ಕ್ರೀನಿನ ಕಡೆ ಮುಖ ಮಾಡಿ ಕೂತಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅಳಿಯನಿಗೆ.

ಮಾವ ವೈರಿನ ತುಂಡನ್ನು ಜೇಬಿಗೆ ಹಾಕಿಕೊಂಡರು. ಫೋನಿನಲ್ಲಿ ಆ ಕಡೆಯವರು ಇನ್ನೂ ‘ಹಲೋ, ಹಲೋ’ ಎನ್ನುತ್ತಲೇ ಇದ್ದರು. ಅದನ್ನು ಮತ್ತೆ ಕಿವಿಗಿಟ್ಟು ಅವರು ಬಹಳ ಸಮಾಧಾನದಿಂದ ಹೇಳಿದರು, “ಲೈನಲ್ಲೇ ಇರಿ. ನಮ್ಮ ಅಳಿಯಂದ್ರು ವಿಷಯ ಹೇಳ್ತಾರೆ.”

ಫೋನು ಅಳಿಯನ ಕೈಗೆ ಬಂತು. ಅಷ್ಟು ಹಗುರದ ಸಾಮಾನು ಅಷ್ಟು ಭಾರವಾದದ್ದನ್ನು ಅವನು ಕಂಡಿರಲಿಲ್ಲ.

“ನಮಸ್ಕಾರ. ನಾನು ಅವರ ಅಳಿಯ. ನಿಮ್ಮ ಮನೆ ವೈರಿಂಗಲ್ಲಿ ಏನೂ ತಪ್ಪಿಲ್ಲ. ತಪ್ಪು ಮಾಡಿದ್ದು… ನಾನು.”

“ಯಾರು? ಜೋರಾಗಿ ಹೇಳಿ, ಕೇಳಿಸ್ತಿಲ್ಲ,” ಅಂದಿತು ಆ ಕಡೆಯ ಮುದಿದನಿ.

ಊರಿಗೆಲ್ಲ ಸಲಹೆ ಕೊಡುತ್ತಿದ್ದ ಅಳಿಯನ ಗಂಟಲು ಈಗ ಇರುವೆಗೂ ಕೇಳಿಸದಷ್ಟು ಇಳಿದುಹೋಗಿತ್ತು. ಮತ್ತೆ ಹೇಳಿದ. ಮತ್ತೂ ಕೇಳಿಸಲಿಲ್ಲವಂತೆ. ಮೂರನೆಯ ಸಲ ಕಿರುಚಿಯೇ ಹೇಳಿದ. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು.

“ಓಹೋ,” ಅಂದರು ಆ ಕಡೆಯವರು. “ಅದನ್ನ ಮೊದಲೇ ಹೇಳೋಕೆ ಏನಾಗಿತ್ತಪ್ಪ ನಿನಗೆ?”

ಮಾವ ಫೋನು ತೆಗೆದುಕೊಂಡು, ಬೆಳಿಗ್ಗೆ ಮಾತಾಡಿದವರಲ್ಲಿ ಮೊದಲಿನವರ ನಂಬರು ಒತ್ತಿ, ಮತ್ತೆ ಅವನ ಕೈಗೇ ಕೊಟ್ಟರು. ತಾವು ಬಾಣಲಿಯಲ್ಲಿ ಸಿಮೆಂಟು ಕಲಸಲು ಕೂತರು. ಅಳಿಯ ಒಡೆದ ಗೋಡೆಯ ಕಡೆ ತಿರುಗಿ ನಿಂತು, ಆ ಕಡೆ ರಿಂಗಾಗುವುದನ್ನು ಕೇಳುತ್ತಿದ್ದ.