ಹದಿನೈದು ದಿನಕ್ಕೊಮ್ಮೆ ಕ್ಷೇಮಸಮಾಚಾರ

1.
ಈ ಕಥೆಯನ್ನು ಎಲ್ಲಿಂದ ಶುರುಮಾಡುವುದು? ಸಾವಿನಿಂದ ಶುರುಮಾಡಿದರೆ ನೀವು ಕರವಸ್ತ್ರ ಹುಡುಕುತ್ತೀರಿ, ಎಂಬಿಎ ತರಗತಿಯಿಂದ ಶುರುಮಾಡಿದರೆ ಆಕಳಿಸುತ್ತೀರಿ. ಆಕಳಿಕೆಯೇ ಇರಲಿ.

ಮಂಗಳೂರಿನ ಒಂದು ಕಾಲೇಜಿನಲ್ಲಿ ತೃಪ್ತಿ ಎಂಬಿಎ ಓದುತ್ತಿದ್ದಳು. ನೆಟ್‌ವರ್ಕಿಂಗ್ ಕಲಿಸಲು ಬಂದ ತರಬೇತುದಾರರು ಹೇಳಿದರು: "ಪ್ರತಿಯೊಬ್ಬರ ಮನೆಯ ಒಂದು ಸಂಗತಿ ಬರೆದಿಟ್ಟುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಅದನ್ನು ವಿಚಾರಿಸಿ. ಆಮೇಲೆ ಕೆಲಸ ಕೇಳಿ." ತೃಪ್ತಿ ಬರೆದಿಟ್ಟುಕೊಂಡಳು. ಸೀನಿಯರ್ ಚೈತಾಲಿಯ ಹೆಸರಿನ ಎದುರು: ಅಪ್ಪ, ಡಯಾಲಿಸಿಸ್.

2.
(ಇಲ್ಲಿ ಮೊದಲು ಕಾವೂರು ಕೆರೆಯ ವರ್ಣನೆ ಇತ್ತು. ಹರಿದುಹಾಕಿದೆ. ಕೆಲಸವಿಲ್ಲದವರಿಗೆ ಕೆರೆ ಚಂದ ಕಾಣುವುದಿಲ್ಲ.)

ಓದು ಮುಗಿದು ಎರಡು ವರ್ಷವಾಯಿತು. ಚೈತಾಲಿ ಈಗ ಒಂದು ಕಂಪನಿಯಲ್ಲಿ ಎಚ್‌ಆರ್ ಮ್ಯಾನೇಜರ್. ತೃಪ್ತಿ ಕಾವೂರಿನ ಮನೆಯಲ್ಲಿ ಮುನ್ನೂರ ಹನ್ನೆರಡು ಕಾಂಟಾಕ್ಟುಗಳ ಒಡತಿ. ಎರಡು ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ತಾನಾಗಿ ಹೋಗುವಂತೆ ಫೋನಿನಲ್ಲಿ ಒಂದು ಸಂದೇಶ ಇಟ್ಟಿದ್ದಳು: 'ಅಕ್ಕಾ, ಅಪ್ಪ ಹೇಗಿದ್ದಾರೆ? ನಿಮ್ಮಲ್ಲಿ ಓಪನಿಂಗ್ ಏನಾದ್ರೂ ಉಂಟಾ?' ಎರಡು ಪ್ರಶ್ನೆಗಳ ನಡುವೆ ಒಂದು ಸಾಲು ಖಾಲಿ ಬಿಡಬೇಕೆಂದೂ ತರಬೇತುದಾರರು ಹೇಳಿದ್ದರು. ಬಿಟ್ಟಿದ್ದಳು.

ಚೈತಾಲಿಯ ಅಪ್ಪ ಎಂದರೆ ಅಣ್ಣು ಅಂಕಲ್, ಪಂಪ್‌ವೆಲ್ ಬಳಿ ಹೋಟೆಲ್ ಇಟ್ಟಿದ್ದವರು. ಕಾಲೇಜಿನ ಸರ್ವೆಗೆಂದು ಹೋದ ತೃಪ್ತಿಗೆ ಗೋಳಿಬಜೆ ಕೊಟ್ಟು, "ಎಣ್ಣೆ ಕೈಯಲ್ಲಿ ನಿನ್ನ ಫಾರ್ಮ್ ಯಾರು ತುಂಬಿಸುದು ಮಾರಾಯ್ತಿ? ನೀನೇ ಕೇಳಿ ಬರಿ" ಎಂದು, ಮಧ್ಯಾಹ್ನವಿಡೀ ಮೇಜಿನಿಂದ ಮೇಜಿಗೆ ಕರೆದೊಯ್ದು ಪರಿಚಯ ಮಾಡಿಸಿದ್ದರು. ಅವಳಿಗೆ ಅವರೆಂದರೆ ಪ್ರಾಣ. ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ನೀವು ನಂಬುವುದಿಲ್ಲ.

3.
ಅಣ್ಣು ಅಂಕಲ್ ತೀರಿಕೊಂಡದ್ದು ಒಂದು ಭಾನುವಾರ ಸಂಜೆ. ಮರುದಿನ ಒಂಬತ್ತಕ್ಕೆ, ಅತ್ತಾವರದ ಆಸ್ಪತ್ರೆಯಿಂದ ಅವರನ್ನು ಮನೆಗೆ ತರುತ್ತಿದ್ದ ಹೊತ್ತಿಗೆ, ಚೈತಾಲಿಯ ಫೋನಿಗೆ ಸಂದೇಶ ಬಂತು. ಅಕ್ಕಾ, ಅಪ್ಪ ಹೇಗಿದ್ದಾರೆ?

4.
ಇಲ್ಲಿ ತೃಪ್ತಿ ನನ್ನ ಜೊತೆ ಜಗಳಕ್ಕೆ ಬಂದಳು.

"ಅದು ಫೋನು ಕಳಿಸಿದ್ದು ಸರ್, ನಾನಲ್ಲ. ತೆಗೀರಿ ಅದನ್ನು."

"ತೆಗೆದರೆ ಕಥೆ ಎಂತ ಉಳೀತದೆ?"

"ನಿಮಗೆ ಕಥೆಯದ್ದೇ ಚಿಂತೆ. ನಾನು ಬೊಜ್ಜಕ್ಕೆ ಹೋಗ್ತೇನೆ. ಅಂಕಲ್‌ಗೋಸ್ಕರವೇ ಹೋದದ್ದು ಅಂತ ಬರೀರಿ."

ಬರೆದೆ. ಅಳಿಸಿದೆ. ಚೈತಾಲಿಯ ಕಂಪನಿಯ ಟ್ರೈನಿ ಹುದ್ದೆಗೆ ಅರ್ಜಿ ಹಾಕಲು ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಮರುದಿನವೇ ಕೊನೆಯ ದಿನ. ಅದು ತೃಪ್ತಿಗೆ ಗೊತ್ತಿತ್ತು. ಬ್ಯಾಗಿನಲ್ಲಿ ರೆಸ್ಯೂಮೆಯೂ ಇತ್ತು. ("ಅದು ಯಾವಾಗಲೂ ಇರ್ತದೆ!" ಎನ್ನುತ್ತಾಳೆ. ನಿಜವೇ. ಆದರೆ ಅಂದು ಹೊಸ ಪ್ರಿಂಟ್ ತೆಗೆಸಿದ್ದಳು.)

5.
ಹದಿಮೂರನೆಯ ದಿನದ ಬೊಜ್ಜ. ಹಾಲ್‌ನಲ್ಲಿ ಅಣ್ಣು ಅಂಕಲ್‌ರ ಫೋಟೋಕ್ಕೆ ಹೂ ಹಾಕುವಾಗ ತೃಪ್ತಿಗೆ ಅಳು ಒತ್ತರಿಸಿ ಬಂತು. ಅದೇ ಕ್ಷಣ ಅವಳೊಳಗೇ ಯಾರೋ ಕೇಳಿದರು: ಚೈತಾಲಿ ನೋಡುತ್ತಿದ್ದಾಳಾ? ಅಳು ಅಲ್ಲೇ ನಿಂತಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಫೀಸು ಕಟ್ಟಿ ಕಲಿತ ಗುಣದ ಬಗ್ಗೆ ಗಾದೆಯಿಲ್ಲ. ಇನ್ನು ತನ್ನ ಅಳುವನ್ನು ತಾನೇ ನಂಬಲಾರೆನೇನೋ ಎಂದು ಅವಳಿಗೆ ಭಯವಾಯಿತು.

ಚೈತಾಲಿ ಹತ್ತಿರ ಬಂದಳು. ಬೈಯಲಿಲ್ಲ.

"ರೆಸ್ಯೂಮೆ ತಂದಿದ್ದಿಯಲ್ಲಾ? ಕೊಡು. ನಾಳೆ ಲಾಸ್ಟ್ ಡೇಟ್."

"ಅಕ್ಕಾ, ನಾನು ಅದಕ್ಕೆ ಬಂದದ್ದಲ್ಲ..."

"ಇರ್ಲಿ ಮಾರಾಯ್ತಿ. ನಾನೂ ಅದೇ ಕ್ಲಾಸಲ್ಲಿ ಕೂತವಳು. ಊಟಕ್ಕೆ ಜನ ಕೂತಾಯ್ತು, ಬೇಗ ಕೊಡು." ಎಂದು ಕೈ ಚಾಚಿದಳು.

6.
ಅಂತ್ಯಗಳು ಮೂರು ಉಂಟು. ಕೊಡುತ್ತಾಳೆ, ಕೆಲಸವೂ ಸಿಗುತ್ತದೆ, ಅಂಕಲ್‌ಗಾಗಿ ಬಂದವಳೆಂದು ಇನ್ನು ಯಾರೂ ನಂಬುವುದಿಲ್ಲ. ಅಥವಾ ಕೊಡುವುದಿಲ್ಲ, ಕೆಲಸ ಹೋಗುತ್ತದೆ, ಕೊಡದೇ ಬಂದದ್ದೂ ಒಳ್ಳೆಯವಳೆನಿಸಿಕೊಳ್ಳುವ ಉಪಾಯವೇ ಇತ್ತೇನೋ ಎಂದು ಮನೆಯಲ್ಲಿ ಕೊರಗುತ್ತಾಳೆ. ಮೂರನೆಯದರಲ್ಲಿ ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. (ಇದನ್ನು ಬರೆಯಲು ನಾಲ್ಕು ಸಲ ಕೂತೆ. ಚೈತಾಲಿ ಒಪ್ಪಲಿಲ್ಲ.)

"ಯಾವುದು ಬೇಕು?" ಎಂದು ತೃಪ್ತಿಯನ್ನೇ ಕೇಳಿದೆ.

ಅವಳು ಬ್ಯಾಗಿನೊಳಗೆ ಕೈ ಇಟ್ಟುಕೊಂಡೇ ನನ್ನತ್ತ ನೋಡಿದಳು. "ಅದೆಲ್ಲ ಆಮೇಲೆ ಸರ್. ಅಂಕಲ್ ಹೋದದ್ದಕ್ಕೆ ನನಗೆ ನಿಜವಾಗಿ ಬೇಸರ ಆಗಿದೆಯಾ, ಇಲ್ವಾ? ನೀವೇ ಬರೆಯುವವರಲ್ವಾ, ಹೇಳಿ."

ನನಗೆ ಗೊತ್ತಿಲ್ಲ. ಚೈತಾಲಿ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದಾಳೆ.