ಮಹಾರಾಯನ ಉಪವಾಸ

ಅಂಗಾತ ತೇಲುತ್ತಿದೆ, ಆದರೆ ಸತ್ತಿಲ್ಲ. ವೆನ್‌ಹಾನ್ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಕಿವಿರು ಆಡುತ್ತಿತ್ತು. ಚಿನ್ನದ ಮೀನಿನ ಹೊಟ್ಟೆ ಉಬ್ಬಿ ನೀರಿನಿಂದ ಮೇಲೆದ್ದು ಹೊಳೆಯುತ್ತಿತ್ತು.

ಮಲಬದ್ಧತೆ. ಗುರುವಾರವೇ ಪುಸ್ತಕ ನೋಡಿ ಅವನು ತೀರ್ಪು ಕೊಟ್ಟಿದ್ದ: ಉಪವಾಸ. ಚೀನಾದ ಫೂಝೌ ನಗರದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುವವನು. ಅವನ ಮಾತನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಕೇಳಿದಂತೆ ನಟಿಸುತ್ತಿದ್ದರು. ಇವತ್ತು ಭಾನುವಾರ. ಹೊಟ್ಟೆ ಇಳಿಯುವ ಬದಲು ಇನ್ನಷ್ಟು ಉಬ್ಬಿತ್ತು.

ಇದು ಸತ್ತರೆ ನನಗೆ ಯಾರಿದ್ದಾರೆ? ಹಾಗನ್ನಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಹೆಂಡತಿ ಪಕ್ಕದ ಕೋಣೆಯಲ್ಲಿದ್ದಳು, ತಾಯಿ ಅಡುಗೆಮನೆಯಲ್ಲಿ. ಆದರೆ ಸಂಜೆ ಬಾಗಿಲು ತೆರೆದಾಗ ಬಾಲ ಕುಣಿಸುತ್ತ ಗಾಜಿನ ತನಕ ಓಡಿಬರುತ್ತಿದ್ದುದು ಈ ಮಹಾರಾಯನೊಬ್ಬನೇ.

"ಯಾರಾದ್ರೂ ಇದಕ್ಕೆ ತಿನ್ನೋಕೆ ಹಾಕಿದ್ರಾ?" ಕೂಗಿದ.

"ನಾನ್ಯಾಕೆ ಹಾಕ್ಲಿ?" ಹೆಂಡತಿ ಮೀಚಿನ್‌ಳ ದನಿ.

"ನನಗೇನು ಬೇರೆ ಕೆಲಸ ಇಲ್ವಾ?" ತಾಯಿಯದು.

ಅವನು ಬಾಗಿಲ ಮರೆಯಲ್ಲಿ ನಿಂತ. ನಲವತ್ತು ದಾಟಿದ ಅಧ್ಯಾಪಕ, ಸ್ವಂತ ಮನೆಯಲ್ಲಿ ಕಳ್ಳ.

ಮೊದಲು ತಾಯಿ ಬಂದಳು. ಅತ್ತಿತ್ತ ನೋಡಿ ಅಂಗಿಯ ತೋಳಿನೊಳಗಿಂದ ಹಬೆರೊಟ್ಟಿಯ ಚೂರು ತೆಗೆದಳು. "ತಿನ್ನೋ ಕಂದ. ಅವರಿಬ್ರೂ ಕಟುಕರು. ಈ ಮನೇಲಿ ಊಟ ಆಯ್ತಾ ಅಂತ ಕೇಳೋಳು ನಾನೊಬ್ಳೇ."

"ಅಮ್ಮಾ, ಸಿಕ್ಕಿಬಿದ್ರಿ!" ಹಿಂದೆಯೇ ಬಂದ ಮೀಚಿನ್ ಕಿರುಚಿದಳು.

"ನಿನ್ನ ಮುಷ್ಟೀಲಿ ಏನಿದೆ? ಬಿಡಿಸು ನೋಡೋಣ."

ಒಣಸೀಗಡಿ ಇತ್ತು.

ವೆನ್‌ಹಾನ್ ಹೊರಗೆ ಹಾರಿದ. "ಭಲೇ ಕಳ್ಳಿಯರಾ!"

"ನೀನು ಸುಮ್ನಿರು," ಎಂದಳು ಮೀಚಿನ್. "ನಿನ್ನ ಅಂಗಿ ಒಗೆಯೋಳು ನಾನು. ಗುರುವಾರದಿಂದ ಜೇಬಿಂದ ಮೀನಿನ ಕಾಳು ಉದುರ್ತಿದೆ."

"ಒಂದೇ ಒಂದು ಚಿಟಿಕೆ..."

"ಚಿಟಿಕೆ ಅಂತೆ! ಉಪವಾಸದ ಗುರುಗಳು!" ತಾಯಿ ಬಿದ್ದು ಬಿದ್ದು ನಕ್ಕಳು.

ನಗು ನಿಂತಿತು. "ನನ್ನನ್ನ ನೋಡಿದ್ರೆ ಮಾತ್ರ ಓಡಿಬರುತ್ತೆ ಅಂದ್ಕೊಂಡಿದ್ದೆ," ಎಂದಳು ಮೀಚಿನ್, ಯಾರನ್ನೂ ನೋಡದೆ. ಉಳಿದಿಬ್ಬರೂ ಹಾಗೇ ಅಂದುಕೊಂಡಿದ್ದರು.

"ಟಬ್ಬು ತನ್ನಿ," ಎಂದ ವೆನ್‌ಹಾನ್. ಅವನ ದನಿಗೆ ಎಲ್ಲಿಂದ ಬಂತೋ ಆ ಗತ್ತು! ಮೀಚಿನ್ ಉಗುರುಬೆಚ್ಚಗಿನ ನೀರು ಸುರಿದಳು. ತಾಯಿ ಬಾಣಂತಿಮನೆಯಲ್ಲಿ ಮಾಡುವಂತೆ ಮೊಣಕೈ ಅದ್ದಿ ಶಾಖ ನೋಡಿದಳು. ಅವನು ಔಷಧದಂಗಡಿಗೆ ಓಡಿ ಭೇದಿ ಉಪ್ಪು ತಂದು ಕರಗಿಸಿ, ಮಹಾರಾಯನನ್ನು ಬೊಗಸೆಯಲ್ಲಿ ಎತ್ತಿ ಟಬ್ಬಿಗೆ ಬಿಟ್ಟ. ನೀರಿನೊಳಗೆ ಹೆಂಡತಿಯ ಬೆರಳು ತಾಗಿತು. ಇಬ್ಬರೂ ಒಟ್ಟಿಗೇ "ಕ್ಷಮಿಸು" ಎಂದರು.

ಮಧ್ಯಾಹ್ನವೆಲ್ಲ ಟಬ್ಬಿನ ಸುತ್ತ ಕುಕ್ಕರಗಾಲಲ್ಲಿ ಕೂತರು. ಯಾರೂ ಊಟದ ಸುದ್ದಿ ಎತ್ತಲಿಲ್ಲ. ಬೆಳಕು ಇಳಿಯುವ ಹೊತ್ತಿಗೆ ತಾಯಿ ನೆಲ ಬಡಿದಳು.

"ಬಂತು! ಬಂತು ಕಣ್ರೋ!"

ಕಪ್ಪು ಎಳೆಯೊಂದು ನಿಧಾನವಾಗಿ ಹೊರಬಂತು. ಉದ್ದವಾಯಿತು, ಇನ್ನೂ ಉದ್ದವಾಯಿತು. ಮಹಾರಾಯ ಒಮ್ಮೆ ನಡುಗಿ, ಹೊರಳಿ, ಬೆನ್ನು ಮೇಲಾಗಿ ನೆಟ್ಟಗೆ ನಿಂತ. ಮೀಚಿನ್ ಗಂಡನ ಭುಜ ಹಿಡಿದು ಅಲ್ಲಾಡಿಸಿದಳು. "ಗೆದ್ದೆ ಕಣೋ! ಗೆದ್ದುಬಿಟ್ಟೆ!" ವೆನ್‌ಹಾನ್ ಕನ್ನಡಕ ತೆಗೆದು ಅಂಗಿಯಂಚಿನಲ್ಲಿ ಒರೆಸಿಕೊಂಡ. ಇಷ್ಟು ಸಂತೋಷ ತನಗೆ ಎಂದಾದರೂ ಆಗಿತ್ತೇ? ನೆನಪಾಗಲಿಲ್ಲ.

"ಬಾತುಮೊಟ್ಟೆ ಹಾಕಿ ಶಾವಿಗೆ ಮಾಡ್ತೀನಿ. ಗಂಡಾಂತರ ಕಳೆದೋರಿಗೆ ಮಾಡ್ಲೇಬೇಕು," ಎಂದಳು ತಾಯಿ.

"ಮೀನಿಗಾ?" ಎಂದಳು ಮೀಚಿನ್.

"ಅಯ್ಯೋ, ನಮಗೆ ಕಣೇ!"

ಮತ್ತೆ ನಕ್ಕರು. ಮೀನನ್ನು ಗಾಜಿನ ತೊಟ್ಟಿಗೆ ಬಿಟ್ಟು ದೀಪ ಹಾಕಿದರು. ಮೀಚಿನ್ ಕಣ್ಣೊರೆಸಿಕೊಂಡು ಕೇಳಿದಳು, "ನಾಳೆಯಿಂದ ಒಬ್ರೇ ತಿನ್ನೋಕೆ ಹಾಕ್ಬೇಕು. ಯಾರು?"

ಮೀನೇ ಆರಿಸಲಿ ಎಂಬಂತೆ ಮೂವರೂ ಗಾಜಿಗೆ ಮುಖವೊಡ್ಡಿದರು. ಮಹಾರಾಯ ಯಾರ ಮುಂದೆಯೂ ನಿಲ್ಲದೆ, ಹಿಂದೆ ಇನ್ನೂ ಕಳಚದ ಆ ಕಪ್ಪು ಎಳೆಯನ್ನು ಎಳೆದುಕೊಂಡು, ಮೆರವಣಿಗೆ ಹೊರಟವನಂತೆ ಸುತ್ತು ಹಾಕತೊಡಗಿದ. ತಾಯಿ ಚಪ್ಪಾಳೆ ತಟ್ಟಿದಳು. ಮೀಚಿನ್ ತಟ್ಟಿದಳು. ವೆನ್‌ಹಾನ್ ಎಲ್ಲರಿಗಿಂತ ಜೋರಾಗಿ ತಟ್ಟಿದ. ನಿಲ್ಲಿಸಿದರೆ ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತಿತ್ತು. ಅಂಗೈ ಉರಿಯತೊಡಗಿದರೂ ಯಾರೂ ನಿಲ್ಲಿಸಲಿಲ್ಲ.