ಜಲೀಲಾ ಮದಾಮರ ಬಳಗ

ಜಲೀಲಾ ಎಲ್ಲೂಜ್ ಮದಾಮ್ ಬೀದಿಯಲ್ಲಿ ನಡೆಯುವಾಗ ಎಣಿಸುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು. ಪಕ್ಕದಲ್ಲಿ ನಡೆಯುವವರಿಗೆ ಮಾತ್ರ ಕೇಳಿಸುವ ಆ ಎಣಿಕೆಯ ತಾಳಕ್ಕೆ ಅವರ ಸ್ಥೂಲಕಾಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲುತ್ತ, ನಮ್ಮ ಸ್ಫಾಕ್ಸ್ ಊರಿನ ಬಂದರು ರಸ್ತೆಯ ಮೀನಿನ ಗಾಡಿಗಳ ನಡುವೆ, ಯಾರಿಗೂ ದಾರಿ ಬಿಡದೆ, ಯಾರನ್ನೂ ತಳ್ಳದೆ ಸಾಗುತ್ತಿತ್ತು. ಗುರುತಿಲ್ಲದವರು, ಪಾಪ, ಈ ಹೆಂಗಸು ದೇವರ ನಾಮಸ್ಮರಣೆಯಲ್ಲಿ ಮುಳುಗಿದ್ದಾರೆಂದು ಭಾವಿಸಿ ಗೌರವದಿಂದ ಸರಿದು ನಿಲ್ಲುತ್ತಿದ್ದರು. ಅವರ ಬಳಗದವರಾದ ನಮಗೆ ನಿಜ ಗೊತ್ತಿತ್ತು. ಪಾರ್ಕಿನ್ಸನ್ ರೋಗಿಗಳು ನಡೆಯುತ್ತ ನಡೆಯುತ್ತ ಬಾಗಿಲಿನ ಹೊಸ್ತಿಲಲ್ಲಿ ಗಕ್ಕನೆ ಸ್ತಬ್ಧರಾಗಿಬಿಡುತ್ತಾರೆ. ಪಾದ ನೆಲಕ್ಕೆ ಅಂಟಿದಂತೆ. ಅಂಥವರ ತೋಳು ಹಿಡಿದು, ಕಿವಿಯ ಬಳಿ ಎಣಿಸಿ, ಆ ಎಣಿಕೆಯ ಬಲದಿಂದ ಒಂದೊಂದೇ ಹೆಜ್ಜೆ ಕೀಳಿಸುವ ಕೆಲಸವನ್ನು ಇಪ್ಪತ್ತಾರು ವರ್ಷ ಮಾಡಿದ ಮೇಲೆ ಎಣಿಸದೆ ನಡೆಯುವುದು ಆಕೆಗೇ ಮರೆತುಹೋಗಿತ್ತು.

ಅವರ ಮೈಮೇಲೆ ಸದಾ ಒಂದು ಕಡುನೀಲಿ ಕೋಟು. ಹಳೆಬಟ್ಟೆಯ ಸಂತೆಯಲ್ಲಿ ಕೊಂಡದ್ದು. ಯಾವ ದೇಶದ ಯಾವ ನಾವಿಕನದೋ. ಅದರ ಎರಡು ಜೇಬುಗಳಲ್ಲಿ ಬಿಳಿಯ ಅಂಟುಪಟ್ಟಿಯ ಸುರುಳಿಗಳು, ಒಂದು ಕತ್ತರಿ, ಹಳದಿ ಕಾರ್ಡುಗಳ ಕಟ್ಟು ತುಂಬಿರುತ್ತಿದ್ದವು. ರೋಗಿಯ ಮನೆಗೆ ಹೋದರೆ ಮೊದಲು ಕುಶಲ ಕೇಳುವ ಪದ್ಧತಿ ಅವರಲ್ಲಿರಲಿಲ್ಲ. ಮಂಡಿಯೂರಿ ಕುಳಿತು, ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ರೋಗಿ ದಾಟುತ್ತ ಹೆಜ್ಜೆಯಿಡಲೆಂದು ಒಂದೊಂದು ಹೆಜ್ಜೆಯಂತರದಲ್ಲಿ ನೆಲಕ್ಕೆ ಪಟ್ಟಿ ಅಂಟಿಸಿ, ಮನೆಯವರ ಕಂಬಳಿ ಜಮಖಾನೆಗಳನ್ನೆಲ್ಲ ಸುತ್ತಿ ಮೂಲೆಗೆಸೆದು, ಆಮೇಲೆ ಎದ್ದು, "ಈಗ ಕಾಫಿ ಮಾಡಿ" ಎನ್ನುತ್ತಿದ್ದರು. ಸೊಸೆಯಂದಿರು ಹಲ್ಲು ಕಡಿಯುತ್ತಲೇ ಕಾಫಿ ಮಾಡುತ್ತಿದ್ದರು.

ನಾನು ಔಷಧದಂಗಡಿಯವನು. ಜಲೀಲಾ ನನ್ನನ್ನು ಬಳಗಕ್ಕೆ ಸೇರಿಸಿಕೊಂಡದ್ದು ಜಗಳದಿಂದಲೇ. ಒಂದು ಬೆಳಿಗ್ಗೆ ಅಂಗಡಿಗೆ ನುಗ್ಗಿ, ಇಂಥ ಮುದುಕಿಗೆ ಮಾತ್ರೆಯನ್ನು ಊಟದ ಜೊತೆ ನುಂಗಲು ಹೇಳಿದವರು ಯಾರು ಎಂದು ಕೇಳಿದರು. ನಾನೇ ಎಂದೆ. ಮಾಂಸದೂಟದ ಜೊತೆ ಹೋದ ಆ ಮಾತ್ರೆ ಮಿದುಳು ತಲುಪಲು ಹೆಣಗುತ್ತದೆಂದೂ, ನನ್ನ ಒಂದು ಮಾತಿನಿಂದ ಆಕೆ ಮೂರು ತಿಂಗಳು ಮಧ್ಯಾಹ್ನವೆಲ್ಲ ಮರದ ಕೊರಡಿನಂತೆ ಬಿದ್ದಿದ್ದಳೆಂದೂ, ಗಿರಾಕಿಗಳೆದುರೇ ನನಗೆ ಪಾಠ ಮಾಡಿ, ಕೊನೆಯಲ್ಲಿ ಕೇಳಿದರು: "ತಿಂಗಳ ಕೊನೇ ಶನಿವಾರ ಬಿಡುವು ಇದೆಯಾ?"

ಹಾಗೆ ಬಂದವರೇ ಎಲ್ಲರೂ. ನರರೋಗದ ವೈದ್ಯರು ಊರಿಗೆ ಮೂವರು, ರೋಗಿಗಳು ಸಾವಿರಾರು. ವೈದ್ಯರನ್ನು ರೋಗಿ ನೋಡುವುದು ವರ್ಷಕ್ಕೆರಡು ಸಲ, ತಲಾ ಹತ್ತು ನಿಮಿಷ. ಉಳಿದ ದಿನಗಳನ್ನು ಅವನು ಕಳೆಯಬೇಕಾದದ್ದು ನಮ್ಮಂಥವರ ಕೈಯಲ್ಲಿ. ಆದರೆ ನಮ್ಮಲ್ಲಿ ಒಬ್ಬರು ಮಾಡುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನುಂಗಲು ಕಲಿಸುವವಳಿಗೆ ಮಾತ್ರೆಯ ಹೊತ್ತು ತಿಳಿಯದು, ಮಾತ್ರೆ ಕೊಡುವವನಿಗೆ ರೋಗಿ ಬಿದ್ದದ್ದು ತಿಳಿಯದು. ಈ ಬಿಡಿಬಿಡಿ ಮಣಿಗಳನ್ನು ಜಲೀಲಾ ಪೋಣಿಸಿದರು. ಮುಚ್ಚಿಹೋದ ಒಂದು ಹೊಲಿಗೆ ಶಾಲೆಯ ಕೋಣೆಯಲ್ಲಿ ತಿಂಗಳಿಗೊಮ್ಮೆ ನಾವು ಇಪ್ಪತ್ತಮೂರು ಜನ ಸೇರುತ್ತಿದ್ದೆವು: ದಾದಿಯರು, ವ್ಯಾಯಾಮ ಚಿಕಿತ್ಸೆಯವರು, ಮಾತು ತಿದ್ದುವ ಹುಡುಗಿ ಇಬ್ತಿಹಾಲ್, ನನ್ನಂಥ ಔಷಧದಂಗಡಿಯವರು. ಜಲೀಲಾ ಬಾರ್ಲಿ ರೊಟ್ಟಿ, ಆಲಿವೆಣ್ಣೆ, ಹರೀಸಾ ಎಂಬ ಕೆಂಪುಮೆಣಸಿನ ಚಟ್ನಿ ತರುತ್ತಿದ್ದರು. ತಿಂದು ಕೈ ಒರೆಸಿಕೊಳ್ಳುವ ಮುನ್ನವೇ ಒಬ್ಬೊಬ್ಬ ರೋಗಿಯ ಹೆಸರು ಕೂಗಿ ವಿಚಾರಣೆ.

ವಿಚಾರಣೆ ಎಂದದ್ದು ಸುಮ್ಮನಲ್ಲ. ಅವರ ನಾಲಗೆ ನಮ್ಮ ಊರಿನ ಹರೀಸಾದಂತೆಯೇ ಇತ್ತು. ಉಣ್ಣುವಾಗ ರುಚಿ, ಆಮೇಲೆ ಉರಿ. ಇಬ್ತಿಹಾಲ್ ತಡವಾಗಿ ಬಂದರೆ, "ಬಾ ತಾಯಿ, ನಿನ್ನ ರೋಗಿಗಳೂ ನಿಧಾನ, ನೀನೂ ನಿಧಾನ, ಒಳ್ಳೆ ಜೋಡಿ" ಎನ್ನುವರು. ನಾವು ನಗುವೆವು. ನಗುವಿನ ಸರದಿ ಯಾರದು, ಬೈಸಿಕೊಳ್ಳುವ ಸರದಿ ಯಾರದು ಎಂಬುದು ತಿಂಗಳಿಂದ ತಿಂಗಳಿಗೆ ಬದಲಾಗುತ್ತಿದ್ದುದರಿಂದ ಯಾರಿಗೂ ಅದು ಅನ್ಯಾಯವೆನಿಸಿರಲಿಲ್ಲ. ಅಥವಾ ಅನಿಸಿದವರು ಹೇಳಿರಲಿಲ್ಲ.

ತೌಫೀಕ್ ಸುವೀಸಿ ಕಡಲಾಚೆ ಕರ್ಕೆನ್ನಾ ದ್ವೀಪದ ಶುಶ್ರೂಷಕ. ಐವತ್ತರ ಆಸುಪಾಸಿನ, ಮಿತಭಾಷಿಯಾದ, ಬಿಸಿಲಿಗೆ ಕಪ್ಪಿಟ್ಟ ಮನುಷ್ಯ. ಇಡೀ ದ್ವೀಪದ ಹದಿನೇಳು ಪಾರ್ಕಿನ್ಸನ್ ರೋಗಿಗಳನ್ನು ಒಂದು ಹಳೆಯ ಮೋಟಾರು ಸೈಕಲ್ಲಿನ ಮೇಲೆ ಒಬ್ಬನೇ ನೋಡಿಕೊಳ್ಳುತ್ತಿದ್ದ. ದ್ವೀಪದವರು ಯಾರೇ ಚಿಕಿತ್ಸೆಗೆಂದು ಹಡಗು ಹತ್ತಿದರೆ ತೌಫೀಕ್ ಜಲೀಲಾರಿಗೆ ಫೋನು ಮಾಡಬೇಕು, ಹಡಗು ಈ ದಡ ಮುಟ್ಟುವುದರೊಳಗೆ ಜಲೀಲಾ ಆಸ್ಪತ್ರೆಗೆ ಹೋಗಿ, ರೋಗಿಯ ಮಾತ್ರೆಯ ಹೊತ್ತುಗಳನ್ನು ದಪ್ಪಕ್ಷರದಲ್ಲಿ ಬರೆದ ಹಳದಿ ಕಾರ್ಡನ್ನು ವಾರ್ಡಿನ ಮುಖ್ಯ ದಾದಿಯ ಮೇಜಿಗೆ ಅಂಟಿಸಬೇಕು: ಇದು ಬಳಗದ ಕಟ್ಟಳೆ. ಈ ರೋಗದಲ್ಲಿ ಹೊತ್ತೇ ಔಷಧ. ಆಸ್ಪತ್ರೆ ತನ್ನ ಗಡಿಯಾರದಂತೆ ಮಾತ್ರೆ ಕೊಟ್ಟರೆ ರೋಗಿ ಕಲ್ಲಾಗುತ್ತಾನೆ.

ಒಂದು ವರ್ಷದ ಮಾರ್ಚ್ ತಿಂಗಳ ಸಭೆಯಲ್ಲಿ, ಒಬ್ಬ ವೃದ್ಧೆಯ ಮನೆಗೆ ತೌಫೀಕ್ ಹದಿನೈದು ದಿನ ಹೋಗಿಲ್ಲವೆಂಬುದು ಹೊರಬಿತ್ತು. ಜಲೀಲಾ ಕನ್ನಡಕದ ಮೇಲಿಂದ ನೋಡಿದರು.

"ಏನ್ ತೌಫೀಕ್ ಸಾಹೇಬ್ರೆ, ನಿಮ್ಮ ದ್ವೀಪ ಏನಾದ್ರೂ ಉದ್ದ ಆಯ್ತಾ? ಈ ಮೂಲೆಯಿಂದ ಆ ಮೂಲೆಗೆ ಹೋಗೋಕೆ ಹದಿನೈದು ದಿನ ಬೇಕಾಯ್ತಲ್ಲ?"

ಕೋಣೆ ಗೊಳ್ಳೆಂದಿತು. ನಾನೂ ನಕ್ಕೆ, ಅದನ್ನು ಬರೆಯದಿದ್ದರೆ ಈ ಚಿತ್ರ ಸುಳ್ಳಾಗುತ್ತದೆ. ತೌಫೀಕ್ ತನ್ನ ಕಾಗದಗಳನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ, ಹಡಗಿಗೆ ಹೊತ್ತಾಯಿತೆಂದ, ಹೋದ. ಏಪ್ರಿಲ್‌ನಲ್ಲಿ ಬರಲಿಲ್ಲ. ಮೇ, ಜೂನ್ ಕೂಡ ಇಲ್ಲ. ಒಂದು ಫೋನು ಮಾಡಿ ಎಂದು ನಾವು ಹೇಳಿದೆವು. ತಾನಾಗಿ ಹೋದವನು ತಾನಾಗಿ ಬರಲಿ ಎಂದರು ಜಲೀಲಾ. ಅಷ್ಟರಲ್ಲಿ ಬಳಗವೂ ಸೊರಗಿತ್ತು. ಇಬ್ಬರು ದಾದಿಯರು ಜರ್ಮನಿಗೆ ಹೋದರು, ಒಬ್ಬಳಿಗೆ ಅವಳಿ ಮಕ್ಕಳಾದವು, ಕೆಲವರು ಕಾರಣ ಹೇಳುವ ಗೋಜಿಗೂ ಹೋಗದೆ ಬರುವುದನ್ನೇ ಬಿಟ್ಟರು. ಇಪ್ಪತ್ತಮೂರಿದ್ದವರು ಹನ್ನೊಂದಾದೆವು. ರೊಟ್ಟಿ ಮಾತ್ರ ಅಷ್ಟೇ ಬರುತ್ತಿತ್ತು, ಮಿಕ್ಕದ್ದನ್ನು ಜಲೀಲಾ ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು.

ಜುಲೈ ಮೊದಲ ವಾರದಲ್ಲಿ ದ್ವೀಪದ ಖಮೀಸ್ ಬಿದ್ದ. ಮಣ್ಣಿನ ಗಡಿಗೆಗಳನ್ನು ಹಗ್ಗಕ್ಕೆ ಕಟ್ಟಿ ಕಡಲಿಗಿಳಿಸಿ ಆಕ್ಟೋಪಸ್ ಹಿಡಿಯುತ್ತಿದ್ದ ಮುದುಕ. ಎಂಟು ವರ್ಷದ ರೋಗ, ಆದರೂ ಮಾತ್ರೆಯ ಬಲದಲ್ಲಿ ದೋಣಿಯವರೆಗೆ ತಾನೇ ನಡೆಯುತ್ತಿದ್ದವ. ಸೊಂಟದ ಮೂಳೆ ಮುರಿದಿತ್ತು. ಮಕ್ಕಳು ಗಾಬರಿಯಲ್ಲಿ ಹಡಗು ಹತ್ತಿಸಿದರು, ಹಳದಿ ಕಾರ್ಡು ಮನೆಯ ಗೋಡೆಯ ಮೇಲೇ ಉಳಿಯಿತು. ತೌಫೀಕ್ ಫೋನು ಮಾಡಲಿಲ್ಲ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗಾಗಿ ಉಪವಾಸವಿಟ್ಟರು, ಉಪವಾಸವೆಂದು ಮಾತ್ರೆಯನ್ನೂ ನಿಲ್ಲಿಸಿದರು, ಚಿಕಿತ್ಸೆ ಒಂದು ದಿನ ಮುಂದೆ ಹೋಯಿತು, ನಿಂತ ಮಾತ್ರೆಯನ್ನು ಯಾರೂ ನೆನೆಯಲಿಲ್ಲ.

ಮೂರನೆಯ ದಿನ, ಬೇರೊಬ್ಬ ರೋಗಿಯನ್ನು ನೋಡಲು ಅದೇ ವಾರ್ಡಿಗೆ ಹೋದ ಜಲೀಲಾ, ಕಿಟಕಿಯ ಬದಿಯ ಹಾಸಿಗೆಯಲ್ಲಿ ಆತನನ್ನು ಕಂಡರು. ಕಣ್ಣು ತೆರೆದಿತ್ತು, ರೆಪ್ಪೆ ಮಿಟುಕುತ್ತಿರಲಿಲ್ಲ, ಬಾಯಿಯ ಅಂಚಿನಿಂದ ಜೊಲ್ಲು ಇಳಿದು ದಿಂಬು ಒದ್ದೆಯಾಗಿತ್ತು, ಬೆರಳುಗಳನ್ನು ಬಿಡಿಸಲಾಗುತ್ತಿರಲಿಲ್ಲ. ಎದೆಯಲ್ಲಿ ಕಫದ ಸದ್ದು. ಮುದುಕನಿಗೆ ಅರಳುಮರುಳು, ಯಾರ ಮಾತೂ ತಿಳಿಯುವುದಿಲ್ಲ ಎಂದಳು ವಾರ್ಡಿನ ದಾದಿ. ಜಲೀಲಾ ಅವನ ಕಿವಿಗೆ ಬಾಗಿ, ಯಾರೆಂದು ಗೊತ್ತಾಯಿತೇ ಎಂದು ಕೇಳಿ, ಬಹಳ ಹೊತ್ತು ಕಾದರು. ಅಷ್ಟು ಹೊತ್ತು ಕಾಯುವುದು ಅವರಿಗೆ ಮಾತ್ರ ಸಾಧ್ಯವಿತ್ತು.

"ಬೈಯೋ ಹೆಂಗಸು" ಎಂದಿತು ಒಳಗಿನಿಂದ ಒಂದು ಉಸಿರು.

ಆ ದಿನ ಅವರು ಯಾರನ್ನೂ ಬೈಯಲಿಲ್ಲ. ನನಗೆ ಫೋನು ಮಾಡಿ, ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಮೂಗಿನ ನಳಿಕೆಯಲ್ಲಿ ಹೇಗೆ ಕೊಡಬಹುದೆಂದು ಬರೆದು ತರಲು ಹೇಳಿದರು. ಕರ್ತವ್ಯದಲ್ಲಿದ್ದ ತರುಣ ವೈದ್ಯನ ಬಾಗಿಲಲ್ಲಿ, ನಾನು ಬರೆದ ಹಾಳೆ ಹಿಡಿದು, ಆತ ಓದಿ ಸಹಿ ಹಾಕುವವರೆಗೆ ಒಂದೂವರೆ ಗಂಟೆ ನಿಂತರು. ಆತ ಕೆಟ್ಟವನಲ್ಲ, ಎಪ್ಪತ್ತು ಹಾಸಿಗೆಗಳಿಗೆ ಒಬ್ಬನೇ ಇದ್ದ.

ಖಮೀಸ್ ಬದುಕಿದ. ಐದು ವಾರ ಜ್ವರದೊಡನೆ ಹೋರಾಡಿ ದ್ವೀಪಕ್ಕೆ ಹಿಂತಿರುಗಿದ. ಆದರೆ ಗಾಲಿಕುರ್ಚಿಯ ಮೇಲೆ. ಅವನು ಮತ್ತೆ ನಡೆಯಲಿಲ್ಲ.

ಅವನನ್ನು ಮನೆಗೆ ಒಯ್ದ ಹಡಗಿನಲ್ಲಿ ಜಲೀಲಾ ಹೋದರು, ನನ್ನನ್ನೂ ಕರೆದರು. ಆಳವಿಲ್ಲದ ಕಡಲಿನಲ್ಲಿ ಮೀನು ಹಿಡಿಯಲು ನೆಟ್ಟ ಖರ್ಜೂರದ ಗರಿಗಳ ಬೇಲಿಗಳು ಕಾಣತೊಡಗಿದಾಗ, ತೌಫೀಕನಿಗೆ ಏನು ಹೇಳುವಿರಿ ಎಂದು ಕೇಳಿದೆ. ನಾಲ್ಕು ಥರ ಯೋಚಿಸಿದ್ದೇನೆ, ನಾಲ್ಕೂ ಸರಿ ಬರುತ್ತಿಲ್ಲ ಎಂದರು.

ತೌಫೀಕ್ ತನ್ನ ಚಿಕಿತ್ಸಾಲಯದ ಹೊರಗಿನ ಬೆಂಚಿನ ಮೇಲಿದ್ದ. ಗಡ್ಡ ಬಿಟ್ಟಿದ್ದ. ನಮ್ಮನ್ನು ಕಂಡು ಎದ್ದ, ಕುಳಿತುಕೊಳ್ಳಿ ಎನ್ನಲಿಲ್ಲ. ಸರದಿಯಲ್ಲಿದ್ದ ಐದಾರು ಜನ ನೋಡುತ್ತಿದ್ದರು. ಒಳಗೆ ಹೋಗೋಣವೇ ಎಂದು ಆತನೇ ಕೇಳಿದ. ಜಲೀಲಾ ಬೇಡವೆಂದರು.

"ಬೈದಿದ್ದು ಎಲ್ಲರ ಮುಂದೆ. ತಪ್ಪಾಯ್ತು ಅನ್ನೋದೂ ಎಲ್ಲರ ಮುಂದೆ ಆಗ್ಲಿ. ತಪ್ಪಾಯ್ತು ತೌಫೀಕ್."

ಆತ ತಲೆ ಅಲ್ಲಾಡಿಸಿದ.

"ಅದಕ್ಕಲ್ಲ ಮದಾಮ್. ನೀವು ಬೈದಿರಿ ಅಂತ ಬಿಟ್ಟಿದ್ರೆ, ನಾಲ್ಕು ದಿನ ಮುಖ ಊದಿಸ್ಕೊಂಡು ಮತ್ತೆ ಬರ್ತಿದ್ದೆ. ಖಮೀಸ್ ಹಡಗು ಹತ್ತಿದ್ದು ನಾನು ನೋಡ್ದೆ. ಫೋನು ಕೈಯಲ್ಲೇ ಇತ್ತು. ಮಾಡ್ಬೇಕು ಅಂತ ಅನ್ನಿಸ್ತು, ಕೈ ಏಳ್ಲಿಲ್ಲ. ಹದಿನೇಳು ಮನೆ ಮದಾಮ್. ಒಂದು ಮನೇಲೂ ಯಾರೂ ಹುಷಾರಾಗಲ್ಲ. ನಂಗೆ ಸಾಕಾಗಿತ್ತು. ಹೇಳೋಕೆ ನಾಚಿಕೆ ಆಯ್ತು."

ಜಲೀಲಾ ಆ ಬೆಂಚಿನ ಮೇಲೆ ಕುಸಿದು ಕುಳಿತರು. ನಾನು ಆಕೆಯನ್ನು ಹನ್ನೆರಡು ವರ್ಷದಿಂದ ಬಲ್ಲೆ. ಹೀಗೆ ಸೋತು ಕುಳಿತದ್ದನ್ನು ಕಂಡದ್ದು ಅದೇ ಮೊದಲು. ಸೆಖೆಗೆ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು.

"ನಂಗೂ" ಎಂದರು. "ಎಷ್ಟೋ ಬೆಳಿಗ್ಗೆ ಬೂಟು ಹಾಕ್ಕೊಂಡು ಮಂಚದ ಮೇಲೆ ಹಾಗೇ ಕೂತಿರ್ತೀನಿ, ತೌಫೀಕ್. ನಂಗೆ ಯಾರಿಗೆ ಫೋನು ಮಾಡ್ಬೇಕು ಅಂತ ಗೊತ್ತಾಗಲ್ಲ."

ಸರದಿಯಲ್ಲಿದ್ದ ಒಬ್ಬ ಮುದುಕಿ ಎದ್ದು ಇಬ್ಬರಿಗೂ ನೀರು ತಂದುಕೊಟ್ಟಳು. ಕುಡಿದರು. ಆಮೇಲೆ ಇಬ್ಬರೂ ಸೇರಿ ಖಮೀಸನ ಮನೆಗೆ ಹೋದರು, ನಾನೂ ಹಿಂದೆ ನಡೆದೆ. ಬಾಗಿಲಲ್ಲಿ ತೌಫೀಕನನ್ನು ಕಂಡ ಹಿರಿಯ ಮಗ ಮುಖ ತಿರುಗಿಸಿದ. ತೌಫೀಕ್ ಅಲ್ಲೇ ನಿಂತು, ತಪ್ಪು ತನ್ನದೆಂದು ಒಂದೇ ಮಾತು ಹೇಳಿದ. ಒಳಗಿನಿಂದ ಮುದುಕ ಏನೋ ಅಂದ, ಯಾರಿಗೂ ಕೇಳಿಸಲಿಲ್ಲ. ಮಗ ಹೋಗಿ ಕಿವಿಗೊಟ್ಟು ಬಂದು, ಒಲ್ಲದ ಮನಸ್ಸಿನಿಂದ, ಅಪ್ಪ ಒಳಗೆ ಬರಲು ಹೇಳುತ್ತಿದ್ದಾರೆ ಎಂದ.

ಪವಾಡವೇನೂ ನಡೆಯಲಿಲ್ಲ. ಆಗಸ್ಟ್ ಸಭೆಗೆ ತೌಫೀಕ್ ಬಂದ. ಆ ಸಭೆಯಲ್ಲಿ ಜಲೀಲಾ ರೋಗಿಗಳ ಹೆಸರು ಕೂಗುವ ಮೊದಲು ನಮ್ಮ ಹೆಸರು ಕೂಗಿದರು, ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ: ಈ ತಿಂಗಳು ಯಾರಿಗೆ ಆಗುತ್ತಿಲ್ಲ? ಮೊದಲು ಜಲೀಲಾ ತಾವೇ ಕೈಯೆತ್ತಿ, ತಮ್ಮ ಪಾಲಿನ ಮಹಾರೆಸ್ ಊರಿನ ಆರು ಮನೆಗಳನ್ನು ಇಬ್ತಿಹಾಲಳಿಗೂ ನನಗೂ ಹಂಚಿ, ಒಂದು ತಿಂಗಳು ಅತ್ತ ತಲೆ ಹಾಕಲಿಲ್ಲ. ನಾನು ಪಟ್ಟಿಗಳನ್ನು ಸೊಟ್ಟಗೆ ಅಂಟಿಸಿದೆನೆಂದು ಆಮೇಲೆ ಬೈದರೆಂಬುದು ಬೇರೆ ಮಾತು. ದ್ವೀಪದ ಹದಿನೇಳು ಮನೆಗಳಲ್ಲಿ ಐದನ್ನು ಬಳಗದ ಇನ್ನೊಬ್ಬ ದಾದಿ ವಹಿಸಿಕೊಂಡಳು. ಖಮೀಸ್ ಹದಿನಾಲ್ಕು ತಿಂಗಳು ಬದುಕಿ, ತನ್ನ ಮನೆಯಲ್ಲಿ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತ ತೀರಿಕೊಂಡ. ಬಳಗ ಈಗ ಹದಿಮೂರು ಜನರದ್ದು. ಹದಿನಾಲ್ಕಾಗಬಹುದು, ಹತ್ತಾಗಬಹುದು.

ಮನೆ ಕಟ್ಟುವವನಿಗೆ ಒಂದು ದಿನ ಮನೆ ಕಾಣುತ್ತದೆ. ಸೂಲಗಿತ್ತಿಗೆ ಮಗುವಿನ ಅಳು ಕೇಳುತ್ತದೆ. ಗುಣವಾಗದ ಕಾಯಿಲೆಯ ಬಳಿ ದುಡಿಯುವವರಿಗೆ ಅಂಥ ದಿನವೇ ಇಲ್ಲ. ನಿನ್ನೆ ನಿಂತಿದ್ದವನು ಇವತ್ತೂ ನಿಂತನೆಂಬುದೇ ಅವರ ಬೆಳೆ, ಅದೂ ವರ್ಷದಿಂದ ವರ್ಷಕ್ಕೆ ಇಳಿಯುವ ಬೆಳೆ. ಇಂಥವರ ಬಿರುಸು ಮಾತನ್ನು ಲೋಕ ಗರ್ವವೆನ್ನುತ್ತದೆ, ಅವರ ಮೌನವನ್ನು ಅಸಡ್ಡೆಯೆನ್ನುತ್ತದೆ. ಹತ್ತಿರದಿಂದ ಕಂಡ ನನಗೆ ಎರಡೂ ಒಂದೇ ದಣಿವಿನ ಎರಡು ದನಿಗಳಾಗಿ ಕೇಳುತ್ತವೆ. ಅವರು ಶೂರರೆಂದು ಹೊಗಳಿ ನಾವು ನಮ್ಮ ಪಾಡಿಗೆ ಹೋಗುತ್ತೇವೆ. ಹೊಗಳಿಸಿಕೊಂಡವನಿಗೆ ಮಾರನೆಯ ಬೆಳಿಗ್ಗೆ ನನಗಾಗದು ಎಂದು ಹೇಳುವುದು ಇನ್ನಷ್ಟು ಕಷ್ಟವಾಗುತ್ತದೆ.